ರಂಗನತಿಟ್ಟಿನ ನಡುಗಡ್ಡಿ ಮ್ಯಾಲೆ ಇಳಿಯಾಕ ಬಿಡ್ತಾರೇನ್ರಿ? ಯಾವ ತಿಂಗಳು ಹೋದ್ರ ಚಲೋ?

ಧಾರವಾಡ_ಮಲ್ಲಿಗಿ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಮಕ್ಕಳ ಬ್ಯಾಸಗಿ ಸೂಟಿಯೊಳಗ ಮೈಸೂರ ಕಡೆ ಹೋಗಬೇಕಂತ ಮಾಡೇವಿ. ನಾನು, ನಮ್ಮ ಮನಿಯವರು, ಅತ್ತಿ, ಇಬ್ಬರು ಮಕ್ಕಳು. ರಂಗನತಿಟ್ಟಂತೂ ನೋಡೂದ ಅಂತ ಗಟ್ಟಿ ಆಗೇತಿ. ಆದ್ರ ಹೋಗೂಕಿಂತ ಮೊದಲ ಗೊತ್ತಿದ್ದವರನ್ನ ನಾಕು ಮಾತು ಕೇಳೂಣು ಅಂತ ಬರದೇನಿ.

ಹಿಂದ ಕುಶಾಲನಗರದ ಹತ್ರ ಕಾವೇರಿ ನಿಸರ್ಗಧಾಮಕ್ಕ ಹೋಗಿದ್ವಿ. ತೂಗುಸೇತುವಿ ದಾಟಿ ನಡುಗಡ್ಡಿಗೆ ಹೋಗಿ, ಬಿದರಿನ ಮೆಳಿ ನೆಳ್ಳಾಗ ಕುಂತು, ಜಿಂಕಿ ನೋಡಿ ಬಂದ್ವಿ. ಮಕ್ಕಳು ಇನ್ನೂ ಅದನ್ನ ನೆನಸ್ತಾವು. ರಂಗನತಿಟ್ಟಿನೊಳಗೂ ಹಂಗ ದೋಣಿಯಿಂದ ನಡುಗಡ್ಡಿ ಮ್ಯಾಲೆ ಇಳಿದು, ಗಿಡದ ಬುಡಕ ಕುಂತು ಬುತ್ತಿ ಬಿಚ್ಚಾಕ ಬಿಡ್ತಾರೇನು? ಏಪ್ರಿಲ್ ಚಲೋನೋ, ಮೇ ಚಲೋನೋ, ಇಲ್ಲಾ ದಸರಾ ಸೂಟಿಗೆ ಮುಂದ ಹಾಕೂದು ಚಲೋನೋ? ಅತ್ತಿಯವರಿಗೆ ಮೊಣಕಾಲ ಬ್ಯಾನಿ ಐತಿ, ಭಾಳ ನಡಿಯಾಕ ಆಗಂಗಿಲ್ಲ. ದೊಡ್ಡ ಮಗಗ ಮೊಸಳಿ ಹುಚ್ಚು. ಸಣ್ಣಾಕಿ ದೋಣಿಯೊಳಗ ಸುಮ್ನ ಕುಂದ್ರಾಕಿ ಅಲ್ಲ, ಅದೊಂದು ಅಂಜಿಕಿ.

ಇನ್ನೊಂದು. ವಯನಾಡಿನ ಕುರುವಾ ದ್ವೀಪನೂ ಮೈಸೂರಿಂದ ಹತ್ರ, ಅಲ್ಲಿ ಕಾಡಿನೊಳಗ ಅಡ್ಡಾಡಬಹುದು ಅಂತ ಯಾರೋ ಹೇಳಿದ್ರು. ಎರಡೂ ಒಂದ ಪ್ರವಾಸದಾಗ ಆಗ್ತಾವೇನು?

---

ಮೈಸೂರು_ಲೆನ್ಸ್:

ಇಳಿಯೋಕೆ ಬಿಡಲ್ಲ ಮೇಡಂ, ದೋಣಿಯಲ್ಲೇ ಒಂದು ಸುತ್ತು. ಅರಣ್ಯ ಇಲಾಖೆಯ ಸಿಬ್ಬಂದಿಯೇ ಹುಟ್ಟು ಹಾಕೋದು, ಎಲ್ಲರಿಗೂ ಲೈಫ್ ಜಾಕೆಟ್ ಕೊಡ್ತಾರೆ. ಫೋಟೋ ತೆಗೆಯೋರಿಗೆ ಹೆಚ್ಚು ಹೊತ್ತಿನ ಬೇರೆ ದೋಣಿ ಇದೆ, ಅದರ ದರವೂ ಹೆಚ್ಚು. ಮಕ್ಕಳ ಜೊತೆ ಹೋಗೋರಿಗೆ ಸಾಮಾನ್ಯ ದೋಣಿ ಸಾಕು. ಶನಿವಾರ, ಭಾನುವಾರ ಬೇಡ, ಟಿಕೆಟ್ ಸಾಲಲ್ಲೇ ಬಿಸಿಲೇರುತ್ತೆ.

---

ಪಾಲಹಳ್ಳಿ_ರೈತ:

ತಂಗೀ, ನಮ್ಮೂರು ಪಾಲಹಳ್ಳಿ. ವಿರಿಜಾ ನಾಲೆ ನೀರಲ್ಲಿ ಭತ್ತ, ಕಬ್ಬು ಬೆಳೆಯೋರು ನಾವು. ಬೆಳಿಗ್ಗೆ ನಮ್ಮ ಗದ್ದೆಯ ಕೆಸರಲ್ಲಿ ಬಸವನಹುಳು ಹುಡುಕಿ ತಿನ್ನೋ ಬಾಯ್ಕಳಕ ಕೊಕ್ಕರೆಗಳು ಸಂಜೆ ಹೋಗಿ ಕೂರೋದು ರಂಗನತಿಟ್ಟಿನ ಮರಗಳ ಮೇಲೆ. ಆ ತಿಟ್ಟುಗಳು ನನಗೆ ಪಕ್ಕದ ಮನೆ ಇದ್ದಹಾಗೆ. ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಇಳಿಯೋ ವಿಷಯ. ಮೇಲಿನವರು ಹೇಳಿದ್ದು ಸರಿ, ಯಾರನ್ನೂ ಇಳಿಸಲ್ಲ. ನಿಸರ್ಗಧಾಮವನ್ನ ಮನಸ್ಸಲ್ಲಿಟ್ಟುಕೊಂಡು ಬಂದರೆ ಇಲ್ಲಿ ನಿರಾಸೆ ಆಗುತ್ತೆ. ಅದು ಜನ ಓಡಾಡಲಿ ಅಂತಲೇ ಮಾಡಿರೋ ಜಾಗ. ಇದು ಹಕ್ಕಿಗಳು ಮರಿ ಮಾಡೋ ಜಾಗ.

ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 48ರ ನಡುವೆ, ಕಾವೇರಿಗೆ ಅಡ್ಡಲಾಗಿ ಇಲ್ಲಿ ಕಟ್ಟೆ ಕಟ್ಟಿದರು. ಹಿಂದಕ್ಕೆ ನೀರು ನಿಂತು ತಗ್ಗೆಲ್ಲ ಮುಳುಗಿತು, ದಿಣ್ಣೆಗಳು ಮಾತ್ರ ನೀರಿನ ಮಧ್ಯೆ ಉಳಕೊಂಡವು. ಅವುಗಳ ಮೇಲೆ ಹೊಳೆಮತ್ತಿ, ಹೊಂಗೆ, ಅತ್ತಿ, ಈಚಲು, ಬಿದಿರು, ನೀರಂಚಿಗೆ ಲಕ್ಕಿ, ಕೇದಿಗೆ ಬೆಳೆದು ಕಾಡಾಯಿತು. ರೈತರ ನೀರಿಗೆ ಅಂತ ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಕೋಟೆ ಆಯಿತು. ಪಕ್ಷಿತಜ್ಞ ಸಲೀಂ ಅಲಿಯವರು ಇಲ್ಲಿಗೆ ಬಂದು ನೋಡಿ ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಅಂತ ಸಾರಿದರು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದಲ್ಲಿ ಮೊದಲು ಸೇರಿದ್ದು ಇದೇ. ಹೆಸರು ಇಷ್ಟು ದೊಡ್ಡದು, ಜಾಗ ನೋಡಿದರೆ ಧಾಮದ ವಿಸ್ತೀರ್ಣ ಸುಮಾರು 0.67 ಚದರ ಕಿಲೋಮೀಟರ್. ಕೆಲವು ತಿಟ್ಟುಗಳು ನಮ್ಮ ಒಂದೊಂದು ಗದ್ದೆಗಿಂತ ಚಿಕ್ಕವು. ಅಷ್ಟು ಜಾಗದಲ್ಲಿ ಕೊಕ್ಕರೆ, ಚಮಚದ ಕೊಕ್ಕಿನವು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆ (ಪೆಲಿಕನ್), ಕೆಂಬರಲು, ಇರುಳು ಬಕ ಎಲ್ಲ ಒಂದರ ಮೇಲೊಂದು ಕೊಂಬೆಯಲ್ಲಿ ಸಂಸಾರ ಮಾಡಬೇಕು. ಜೊತೆಗೆ ತಲೆಕೆಳಗಾಗಿ ನೇತಾಡೋ ಬಾವಲಿಗಳ ದೊಡ್ಡ ಗುಂಪು ಬೇರೆ.

ಸುತ್ತಲೂ ನೀರಿರೋದೇ ಇವುಗಳ ಬೇಲಿ. ನಾಯಿ ಬರಲ್ಲ, ಬೆಕ್ಕು ಬರಲ್ಲ, ಕಟ್ಟಿಗೆ ಕಡಿಯೋರು ಬರಲ್ಲ. ಬೇಲಿಯೊಳಕ್ಕೆ ಮನುಷ್ಯ ಕಾಲಿಟ್ಟರೆ ಏನಾಗುತ್ತೆ ಅಂತ ಕೇಳೋರಿಗೆ ನಾನು ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆ ಬಿಸಿಲಲ್ಲಿ ಬಣ್ಣದ ಕೊಕ್ಕರೆ ಗೂಡನ್ನ ನೋಡಿ ಅಂತೀನಿ. ಮರದ ನೆತ್ತಿಯಲ್ಲಿ ಕಡ್ಡಿ ಒಟ್ಟಿದ ಗೂಡು, ಮೇಲೆ ಒಂದೆಲೆಯ ನೆರಳೂ ಇರಲ್ಲ. ಒಳಗೆ ಬಿಳಿ ತುಪ್ಪಳದ ಮರಿಗಳು ಬಾಯಿ ತೆರೆದು ಏದುಸಿರು ಬಿಡ್ತಿರ್ತವೆ. ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ ನಿಂತಿರುತ್ತೆ. ಮರಿಗಳು ಆ ನೆರಳೊಳಕ್ಕೆ ಮುದುರಿಕೊಂಡಿರ್ತವೆ. ಸೂರ್ಯ ಸರಿದ ಹಾಗೆ ಅದೂ ನಿಂತಲ್ಲೇ ಒಂಚೂರು ಒಂಚೂರು ತಿರುಗುತ್ತೆ. ತನ್ನ ಮೈ ತಂಪಿಗೆ ತನ್ನ ಕಾಲ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತೆ, ಆ ಒದ್ದೆ ಆರುವಾಗ ಬಿಸಿ ಇಳಿಯುತ್ತೆ. ಗುಲಾಬಿ ಕಾಲಿಗೆ ಸುಣ್ಣ ಬಳಿದ ಹಾಗೆ ಕಾಣೋದು ಅದಕ್ಕೇ, ಮಕ್ಕಳಿಗೆ ತೋರಿಸಿ. ಇನ್ನೊಂದು ಹಕ್ಕಿ ಹೊಳೆಯಿಂದಲೋ ಕೆರೆಯಿಂದಲೋ ಮೀನು ತಂದು ಗೂಡಲ್ಲಿ ಕಕ್ಕಿದ ಮೇಲೇ ಕಾವಲಿನ ಸರದಿ ಬದಲು.

ಇಂಥ ಹೊತ್ತಲ್ಲಿ ಆ ಮರದ ಬುಡಕ್ಕೆ ನಾಲ್ಕು ಜನ ಬಂದು ಮಾತಾಡಿದರೆ ದೊಡ್ಡ ಹಕ್ಕಿ ಹಾರುತ್ತೆ. ಮರಿ ಬಿಸಿಲಿಗೆ ಬಿತ್ತು. ಪಕ್ಕದ ಕೊಂಬೆಯಲ್ಲಿ ಕಾಗೆ ಕಾಯ್ತಾ ಇರುತ್ತೆ, ಮೇಲೆ ಹದ್ದು ಸುತ್ತುತ್ತಾ ಇರುತ್ತೆ. ಗಾಬರಿಗೆ ಗೂಡಿಂದ ಜಾರಿದ ಮರಿ ನೀರಿಗೆ ಬಿದ್ದರೆ ಕೆಳಗೆ ಮೊಸಳೆ. ಒಂದು ಗೂಡಿನ ಹಕ್ಕಿ ಎದ್ದರೆ ಸುತ್ತಲಿನವೂ ಏಳ್ತವೆ, ಅಷ್ಟು ಒತ್ತೊತ್ತಾಗಿವೆ. ನಾವು ಐದು ನಿಮಿಷ ಕೂತು ಎದ್ದು ಹೋಗ್ತೀವಿ. ಆ ಐದು ನಿಮಿಷಕ್ಕೆ ಆ ಗೂಡಿನ ಆ ವರ್ಷದ ಮರಿಗಳೇ ಹೋದವು.

ಅದಕ್ಕೇ ಒಂದು ಕೇಳ್ಕೋತೀನಿ. ದೋಣಿಯವರಿಗೆ "ಇನ್ನೂ ಹತ್ತಿರ ಹೋಗಣ್ಣಾ" ಅಂತ ಒತ್ತಾಯ ಮಾಡಬೇಡಿ, ಮಾಡೋರಿದ್ದರೆ ತಡೀರಿ. ಅವರಿಗೆ ಪ್ರತಿ ಬಂಡೆ, ಪ್ರತಿ ಗೂಡು ಗೊತ್ತು. ಎಲ್ಲಿವರೆಗೆ ಹೋದರೆ ಹಕ್ಕಿ ಕತ್ತೆತ್ತುತ್ತೆ, ಎಲ್ಲಿಗೆ ಹೋದರೆ ಹಾರುತ್ತೆ ಅನ್ನೋದೂ ಗೊತ್ತು. ಕತ್ತೆತ್ತಿ ನಿಮ್ಮನ್ನೇ ನೋಡ್ತಾ ನಿಂತಿತು ಅಂದರೆ ಅಲ್ಲಿಗೆ ನಿಲ್ಲಬೇಕು.

ತಿಂಗಳಿನ ವಿಷಯ. ಒಂದೊಂದು ಕಾಲಕ್ಕೆ ಒಂದೊಂದು ಇದೆ. ಚಳಿಗಾಲದಲ್ಲಿ ದೂರದಿಂದ ಬರೋ ಹಕ್ಕಿಗಳೂ ಸೇರಿ ಸಂಖ್ಯೆ ಜಾಸ್ತಿ. ಜನವರಿ, ಫೆಬ್ರವರಿ ಹೊತ್ತಿಗೆ ಬಣ್ಣದ ಕೊಕ್ಕರೆ ಗೂಡು ಕಟ್ಟೋಕೆ ಶುರು, ಬೇಸಿಗೆಯಲ್ಲಿ ಮರಿ. ಮಳೆ ಹಿಡಿದ ಮೇಲೆ ಬಾಯ್ಕಳಕ, ಬೆಳ್ಳಕ್ಕಿಗಳ ಸರದಿ. ನಿಮ್ಮ ಮಕ್ಕಳಿಗೆ ಸೂಟಿ ಇರೋದು ಏಪ್ರಿಲ್‌ನಲ್ಲಿ ಅಂದರೆ ಏಪ್ರಿಲ್‌ಗೇ ಬನ್ನಿ. ಮರಿ ಇರೋ ಗೂಡು ನೋಡೋಕೆ ಅದೇ ಸರಿಯಾದ ಕಾಲ. ಹೊಳೆ ತಗ್ಗಿ ಬಂಡೆಗಳು ಮೇಲೆದ್ದಿರ್ತವೆ, ಮೊಸಳೆ ಕಾಣೋದೂ ಸುಲಭ. ಬಂಡೆಗಳ ಅಡಿಯಲ್ಲಿ ಕವಲುತೋಕೆಗಳು ಮಣ್ಣಿನ ಗೂಡು ಕಟ್ಟಿರ್ತವೆ, ಒಂದಕ್ಕೊಂದು ಅಂಟಿಕೊಂಡು. ಜನ ಕೊಕ್ಕರೆ ನೋಡೋ ಭರದಲ್ಲಿ ಅದನ್ನ ನೋಡೋದೇ ಇಲ್ಲ.

ಬೆಳಿಗ್ಗೆ ಗೇಟು ತೆಗೆದ ಕೂಡಲೇ ಬನ್ನಿ. ಹತ್ತೂವರೆ ಮೇಲೆ ನಿಮ್ಮ ಅತ್ತೆಯವರಿಗೆ ಬಿಸಿಲು ತಡೆಯಲ್ಲ. ಅವರಿಗೆ ಕಷ್ಟ ಆಗೋದು ದೋಣಿ ಹತ್ತೋ ಕಡೆ ಮೆಟ್ಟಿಲಲ್ಲಿ ಮಾತ್ರ, ಇಬ್ಬರು ಕೈ ಹಿಡಿದರೆ ಆಗುತ್ತೆ. ಅದೂ ಬೇಡ ಅಂದರೆ ಹೊಳೆ ಬದಿಯ ದಾರಿಯಲ್ಲೇ ಮರದ ನೆರಳಿದೆ, ಕೂರೋಕೆ ಜಾಗ ಇದೆ. ದಡದಿಂದಲೇ ಎದುರಿನ ತಿಟ್ಟಿನ ಹಕ್ಕಿ ಕಾಣ್ತವೆ. ಒಂದು ದುರ್ಬೀನು ತಂದರೆ ಅತ್ತೆಯವರು ಕೂತಲ್ಲೇ ದೋಣಿಯವರಿಗಿಂತ ಚೆನ್ನಾಗಿ ನೋಡಬಹುದು. ಬುತ್ತಿಯನ್ನ ಒಳಗೆ ಬಿಚ್ಚಬೇಡಿ. ಹೊರಗೆ ಬಂದು ಶ್ರೀರಂಗಪಟ್ಟಣದ ಕಡೆ ನೆರಳು ನೋಡ್ಕೊಂಡು ಉಣ್ಣಿ, ಹತ್ತಿರವೇ ಇದೆ.

ಸಣ್ಣ ಮಗೂನ ನಿಮ್ಮಿಬ್ಬರ ಮಧ್ಯೆ ಕೂರಿಸಿ, ದೋಣಿಯ ಅಂಚಿಗೆ ಬೇಡ. ಕೈ ನೀರಿಗೆ ಇಳಿಸಬಾರದು, ಎದ್ದು ನಿಲ್ಲಬಾರದು. ಇವೆರಡನ್ನ ಮನೆಯಲ್ಲೇ ಹೇಳಿ ಕರಕೊಂಡು ಬನ್ನಿ.

ಮಳೆಗಾಲದಲ್ಲಿ ಬರೋರಿಗೂ ಒಂದು ಮಾತು. ನಮಗಿಂತ ಮೇಲೆ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ಇದೆ. ಅದರ ಪೂರ್ತಿ ಮಟ್ಟ 124.80 ಅಡಿ, ಅಷ್ಟು ತುಂಬುತ್ತಾ ಬಂದರೆ ಹೊಳೆಗೆ ನೀರು ಬಿಡ್ತಾರೆ, ನೀರು ಜೋರಾದರೆ ದೋಣಿ ನಿಂತೇ ಹೋಗುತ್ತೆ. 2024ರ ಆಗಸ್ಟ್ ಶುರುವಲ್ಲಿ ಲಕ್ಷ ಕ್ಯೂಸೆಕ್ ಮೀರಿ ನೀರು ಬಂತು. ಅಂಥ ಹೊತ್ತಲ್ಲಿ ಹೊಳೆಯ ಬಣ್ಣವೇ ಬೇರೆ, ಶಬ್ದವೇ ಬೇರೆ. ತಿಟ್ಟುಗಳ ಅಂಚಿನ ಮಣ್ಣು ಕೊಚ್ಚಿ ಹೋಗುತ್ತೆ, ಬೇರು ಬಯಲಾಗಿ ಮರ ವಾಲುತ್ತೆ. ಇಲಾಖೆಯವರು ಮರಳಿನ ಮೂಟೆ ಒಟ್ಟಿ ಅಂಚು ಕಟ್ಟಿ ಗಿಡ ನೆಟ್ಟಿದ್ದೂ ಇದೆ. ಬೇಸಿಗೆಯಲ್ಲೂ ಇನ್ನೊಂದು ಥರದ ಕಷ್ಟ. ಬಂಡೆಯ ಮೇಲೆ ಗೂಡಿಲ್ಲದೆ ಹಾಗೇ ಮೊಟ್ಟೆ ಇಡೋ ಹೊಳೆ ರೀವ ಅನ್ನೋ ಹಕ್ಕಿ ಇದೆ. ಇದ್ದಕ್ಕಿದ್ದ ಹಾಗೆ ಕಟ್ಟೆಯಿಂದ ನೀರು ಬಂದರೆ ಆ ಮೊಟ್ಟೆ ಅಷ್ಟೂ ಹೋಯಿತು. ನಾವು ನಾಲೆಗೆ ನೀರು ಕೇಳೋರೇ, ನೀರು ಬೇಡ ಅನ್ನೋಕಾಗಲ್ಲ. ಆದರೆ ಮೊಟ್ಟೆ ಇರೋ ವಾರಗಳಲ್ಲಿ ಮಟ್ಟ ನೋಡ್ಕೊಂಡು ನಿಧಾನಕ್ಕೆ ಬಿಡೋದಕ್ಕೆ ಸಾಧ್ಯ ಇದೆ ಅಂತ ನಾನು ನಂಬ್ತೀನಿ.

---

ವಾರಾಂತ್ಯ_ಅಲೆಮಾರಿ:

ಪಾಲಹಳ್ಳಿಯವರು ಬರೆದಿದ್ದು ಚೆನ್ನಾಗಿದೆ, ಆದ್ರೆ ನಂದೊಂದು ಬೇರೆ ಅಭಿಪ್ರಾಯ. ಮಕ್ಕಳು ಮಣ್ಣು ಮುಟ್ಟದೆ, ಮರದ ಕೆಳಗೆ ನಿಲ್ಲದೆ, ಬರೀ ದೂರದಿಂದ ನೋಡಿದ್ರೆ ಕಾಡಿನ ಮೇಲೆ ಪ್ರೀತಿ ಎಲ್ಲಿಂದ ಬರುತ್ತೆ? ಗೂಡಿಲ್ಲದ ತಿಂಗಳಲ್ಲಿ, ಒಂದೇ ಒಂದು ತಿಟ್ಟಿಗೆ, ಗೈಡ್ ಜೊತೆ ಹತ್ತು ಜನರನ್ನ ಬಿಟ್ರೆ ಏನಾಗುತ್ತೆ? ಕುರುವಾದಲ್ಲಿ ಬಿಡ್ತಾರಲ್ಲ. ಪೂರ್ತಿ ಬಾಗಿಲು ಹಾಕೋದು ನನಗೆ ಸರಿ ಕಾಣಲ್ಲ.

---

ಸರಗೂರು_ಟೀಚರ್:

ಕುರುವಾ ಹೆಸರು ಬಂದಿದ್ದಕ್ಕೆ ಹೇಳ್ತೀನಿ, ನಮ್ಮ ಕಡೆಯಿಂದ ಅದು ಹತ್ತಿರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕುರುವಾ ಸುಮಾರು 950 ಎಕರೆ. ಪನಮರಂ ಹೊಳೆ, ಮಾನಂತವಾಡಿ ಹೊಳೆ ಕೂಡಿ ಕಬಿನಿ ಆಗೋ ಜಾಗದಲ್ಲಿ, ನೀರು ಹತ್ತಾರು ಕವಲಾಗಿ ಒಡೆದು ಮಧ್ಯೆ ದಟ್ಟ ಹಸಿರು ಕಾಡು. ಬಿದಿರಿನ ತೆಪ್ಪದಲ್ಲಿ ದಾಟಿಸ್ತಾರೆ, ಆಮೇಲೆ ಗೊತ್ತುಮಾಡಿದ ದಾರಿಯಲ್ಲಿ ನಡೆಯೋದು. ಅಲ್ಲಿಯ ನೆರಳು, ಬೇರಿನ ಮಧ್ಯೆ ಹರಿಯೋ ತಣ್ಣನೆ ನೀರು ನಿಜಕ್ಕೂ ಚೆಂದ.

ಆದರೆ ಅಲ್ಲೂ ಬಾಗಿಲು ಯಾವಾಗಲೂ ತೆರೆದಿರಲ್ಲ. ಮಳೆಗಾಲದಲ್ಲಿ ಮುಚ್ಚುತ್ತೆ. 2024ರ ಫೆಬ್ರವರಿಯಲ್ಲಿ ಅಲ್ಲಿ ಕೆಲಸ ಮಾಡ್ತಿದ್ದವರೊಬ್ಬರು ಕಾಡಾನೆ ದಾಳಿಯಲ್ಲಿ ತೀರಿಕೊಂಡರು. ಆಗ ಮುಚ್ಚಿದ್ದು, ಹೈಕೋರ್ಟ್‌ ಅನುಮತಿ ಸಿಕ್ಕಿ ತೆರೆದಿದ್ದು ಅಕ್ಟೋಬರ್‌ನಲ್ಲಿ. ತೆರೆದಾಗ ಒಳಗೆ ಹೋಗೋ ದಾರಿಗಳಾದ ಪಾಕ್ಕಂ ಮತ್ತು ಪಾಲ್ವೆಳಿಚ್ಚಂ ಎರಡೂ ಕಡೆ ಸೇರಿ ದಿನಕ್ಕೆ 400 ಜನ ಅಂತ ಮಿತಿ ಹಾಕಿದರು. ಜನ ಬೆಳಿಗ್ಗೆಯೇ ಬಂದು ಸಾಲು ನಿಲ್ತಾರೆ. ದೂರದಿಂದ ಬಂದು ಟಿಕೆಟ್ ಸಿಗದೆ ವಾಪಸು ಹೋಗೋರೂ ಇದ್ದಾರೆ.

ಮಲ್ಲಿಗೆಯವರೇ, ನಿಮ್ಮ ಅತ್ತೆಯವರಿಗೆ ಕುರುವಾ ಬೇಡವೇ ಬೇಡ. ಕಲ್ಲು, ಬೇರು, ಜಾರೋ ನೆಲ, ತೆಪ್ಪ ಹತ್ತಿ ಇಳಿಯೋದು, ಮೊಣಕಾಲು ನೋವಿರೋರಿಗೆ ಹಿಂಸೆ. ಮೈಸೂರಿಂದ ಎಚ್.ಡಿ. ಕೋಟೆ, ಬಾವಲಿ ಅನ್ನೋ ಊರಿನ ಮೇಲೆ ಹೋಗೋ ರಸ್ತೆ ಕಾಡೊಳಗಿನದು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡಲ್ಲ. ಹೋಗಿ ಅದೇ ದಿನ ವಾಪಸಾಗೋ ಅವಸರದಲ್ಲಿ ಆ ರಸ್ತೆಯಲ್ಲಿ ಗಾಡಿ ಓಡಿಸಬೇಡಿ, ಆನೆ, ಜಿಂಕೆ ಅಡ್ಡ ಬರ್ತವೆ. ಕುರುವಾ ನೋಡಲೇಬೇಕು ಅಂದರೆ ಇನ್ನೊಂದು ಸಲ, ಮಾನಂತವಾಡಿ ಕಡೆ ರಾತ್ರಿ ಉಳಕೊಂಡು, ಹೊರಡೋ ಮುಂಚೆ ತೆರೆದಿದೆಯಾ ಅಂತ ಕೇಳಿ ಹೋಗಿ.

---

ಪಾಲಹಳ್ಳಿ_ರೈತ:

ಅಲೆಮಾರಿಯವರೇ, ನಿಮ್ಮ ಮಾತಲ್ಲಿ ಕೆಟ್ಟ ಉದ್ದೇಶ ಇಲ್ಲ ಅಂತ ಗೊತ್ತು. ಮಕ್ಕಳು ಮಣ್ಣು ಮುಟ್ಟಲಿ ಅನ್ನೋದು ನನ್ನ ಆಸೆಯೂ ಹೌದು. ನಮ್ಮ ಗದ್ದೆಗೆ ಬರಲಿ, ಕೆಸರಿಗೆ ಇಳಿಯಲಿ, ಬಾಯ್ಕಳಕ ಅಲ್ಲೇ ಪಕ್ಕದಲ್ಲಿ ಓಡಾಡಿಕೊಂಡಿರುತ್ತೆ. ಕೊಕ್ಕಿನ ನಡುವೆ ಸಂದು ಇರೋದು ಯಾಕೆ, ಚಿಪ್ಪಿಂದ ಹುಳು ಹೇಗೆ ಎಳೆಯುತ್ತೆ ಅಂತ ಅಷ್ಟು ಹತ್ತಿರದಿಂದ ನೋಡಬಹುದು. ಗದ್ದೆಯಲ್ಲಿ ಅದು ಹಾರಿದರೆ ನಷ್ಟ ಇಲ್ಲ, ಇನ್ನೊಂದು ಬದುವಿಗೆ ಹೋಗಿ ಕೂರುತ್ತೆ. ಗೂಡಿಂದ ಹಾರಿದರೆ ಮಾತ್ರ ನಷ್ಟ.

ಗೂಡಿಲ್ಲದ ತಿಂಗಳು ಅಂದಿರಿ. ಅಂಥ ತಿಂಗಳು ಯಾವುದು? ಒಂದು ಜಾತಿ ಎದ್ದರೆ ಇನ್ನೊಂದು ಕೂರುತ್ತೆ. ಅಕಸ್ಮಾತ್ ಗೂಡು ಕಡಿಮೆ ಇರೋ ಹೊತ್ತಲ್ಲಿ ಬಿಟ್ಟರೂ ಹತ್ತು ಜನ ನಡೆದ ಕಡೆ ಕಾಲುದಾರಿ ಬೀಳುತ್ತೆ, ಕಾಲುದಾರಿ ಬಿದ್ದ ಅಂಚಲ್ಲಿ ಹುಲ್ಲು, ಲಕ್ಕಿ ಹೋಗುತ್ತೆ. ಮುಂದಿನ ಆಗಸ್ಟ್‌ನಲ್ಲಿ ಹೊಳೆ ಬಂದಾಗ ಮೊದಲು ಕೊಚ್ಚಿ ಹೋಗೋದು ಆ ಅಂಚೇ. ಕುರುವಾಗೆ 950 ಎಕರೆ ಇದೆ, ಒಂದು ದಾರಿಯನ್ನ ತಡಕೊಳ್ಳುತ್ತೆ. ನಮ್ಮ ತಿಟ್ಟಿಗೆ ಆ ಶಕ್ತಿ ಇಲ್ಲ.

ಡ್ರೋನ್ ತರೋರೂ ಇದ್ದಾರೆ, ಅದಕ್ಕೂ ಇಲ್ಲೇ ಹೇಳಿಬಿಡ್ತೀನಿ. ಅಭಯಾರಣ್ಯ ಇದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ಅನ್ವಯಿಸುತ್ತೆ, ಅನುಮತಿ ಇಲ್ಲದೆ ಹಾರಿಸಬಾರದು. ಮೇಲಿಂದ ಬರೋ ಏನೇ ಆದರೂ ಕೊಕ್ಕರೆಗೆ ಅದು ಹದ್ದೇ.

ಹಕ್ಕಿಯನ್ನ ಹತ್ತಿರದಿಂದಲೇ ನೋಡಬೇಕು ಅನ್ನೋರು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ. ಅದು ಊರು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಅಲ್ಲಿ ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ತವೆ. ಅಲ್ಲಿಯ ಜನ ತಲೆತಲಾಂತರದಿಂದ ಅವುಗಳ ಜೊತೆ ಬದುಕಿದ್ದಾರೆ, ಹಕ್ಕಿಗೂ ಆ ಜನರ ಓಡಾಟ ರೂಢಿ. ರಂಗನತಿಟ್ಟಿನ ಹಕ್ಕಿಗೆ ಆ ರೂಢಿ ಇಲ್ಲ.

---

ತುಂಗಾ_ದಡ:

ನಮ್ಮ ಮಲೆನಾಡಿನದೂ ಒಂದು ಸೇರಿಸ್ತೇನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಬಂದರೆ ಮಂಡಗದ್ದೆ. ತುಂಗೆಯ ಮಧ್ಯೆ ಪುಟ್ಟ ನಡುಗಡ್ಡೆ, ಮಳೆಗಾಲದಲ್ಲಿ ಮರದ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ರಸ್ತೆ ಬದಿಗೇ ವೀಕ್ಷಣಾ ಗೋಪುರ ಇದೆ. ಅಲ್ಲಿಂದ ನೋಡಿದರೆ ಗೂಡುಗಳೇ ಕಣ್ಣ ಮಟ್ಟದಲ್ಲಿ ಕಾಣ್ತವೆ, ದಡ ಬಿಟ್ಟು ಹೋಗಬೇಕು ಅಂತಲೇ ಇಲ್ಲ ಮಾರಾಯ್ರೆ. ಧಾರವಾಡದವರಿಗೆ ಮೈಸೂರಿಗಿಂತ ಇದು ಹತ್ತಿರ. ಬೇಸಿಗೆಯಲ್ಲಿ ಬಂದರೆ ಬರೀ ಮರ ನೋಡಿ ಹೋಗಬೇಕಾದೀತು. ಜುಲೈಯಿಂದ ಸೆಪ್ಟೆಂಬರ್ ಒಳಗೆ ಬನ್ನಿ.

---

ಧಾರವಾಡ_ಮಲ್ಲಿಗಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಪಾಲಹಳ್ಳಿ ಅಣ್ಣಾರ ಬರದದ್ದನ್ನ ಅತ್ತಿಯವರಿಗೆ ಓದಿ ಹೇಳಿದೆ. ಆ ಕೊಕ್ಕರಿ ನೆಳ್ಳು ಹಿಡಿಯೂ ಮಾತು ಕೇಳಿ, "ಅಲ್ಲಿ ಇಳಿಯೂದು ಬ್ಯಾಡ ಬಿಡವಾ, ದಡದಾಗ ಕುಂತ ನೋಡೂಣು" ಅಂದ್ರು. ಕುರುವಾ ಕೈಬಿಟ್ವಿ. ಏಪ್ರಿಲ್ ಎರಡನೇ ವಾರ, ಮಂಗಳವಾರ ಇಲ್ಲಾ ಬುಧವಾರ ಮುಂಜಾನೆ ರಂಗನತಿಟ್ಟು. ಮಂಡಗದ್ದಿ ಮಳಿಗಾಲಕ್ಕ ಇಟಗೊಂಡೇವಿ.

ಮಗ ಮಾತ್ರ ಒಂದ ಕೇಳಾಕತ್ತಾನ. ಮೊಸಳಿ ಖಂಡಿತ ಕಾಣತಾವೇನು? ಮುಂಜಾನೆ ಹೋದ್ರ ನೀರಾಗ ಇರ್ತಾವೋ ಬಂಡಿ ಮ್ಯಾಲೋ? ದೋಣಿ ಹತ್ರ ಬಾಯಿ ತಗದ ಮಲಗಿದ್ದ ಫೋಟೋ ನೋಡಿ ನನಗ ಎದಿ ಝಲ್ ಅಂತು.

---

ಪಾಲಹಳ್ಳಿ_ರೈತ:

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ ತಂಗೀ.

ಮೊಸಳೆಗೆ ಮೈ ಬಿಸಿ ಆಗೋದು ಬಿಸಿಲಿಂದಲೇ. ರಾತ್ರಿಯೆಲ್ಲ ನೀರಲ್ಲಿದ್ದು, ಬೆಳಗಿನ ಬಿಸಿಲು ಬಂಡೆಗೆ ಬಿದ್ದ ಮೇಲೆ ಮೇಲೆ ಬರುತ್ತೆ. ಏಪ್ರಿಲ್‌ನಲ್ಲಿ ಬಿಸಿಲು ಬೇಗ ಏರೋದರಿಂದ ಬೆಳಗಿನ ದೋಣಿಯಲ್ಲೇ ಕಾಣೋ ಅವಕಾಶ ಹೆಚ್ಚು, ಮಧ್ಯಾಹ್ನ ಮತ್ತೆ ನೀರಿಗೆ ಜಾರಿರುತ್ತೆ. ಬಾಯಿ ತೆರೆದು ಮಲಗಿದ್ದರೆ ಹೆದರಬೇಡಿ. ಅದು ಮೈಯ ಬಿಸಿ ಹೊರಗೆ ಬಿಡೋ ರೀತಿ, ನಿಮ್ಮ ಮೇಲೆ ಬರೋ ಸಿದ್ಧತೆ ಅಲ್ಲ. ಮಗನಿಗೆ ಹೇಳಿ, ಬಂಡೆಯ ಬಣ್ಣವೂ ಮೊಸಳೆಯ ಬಣ್ಣವೂ ಒಂದೇ. ಬಂಡೆಯ ಮೇಲ್ಭಾಗ ನೋಡ್ತಾ ಕೂತರೆ ಸಿಗಲ್ಲ, ಬಂಡೆ ನೀರಿಗೆ ಇಳಿಯೋ ಅಂಚನ್ನ ನೋಡಬೇಕು, ಬಾಲ ಅಲ್ಲಿ ಕಾಣುತ್ತೆ. ನೀರಲ್ಲಿ ಎರಡು ಗುಬುಟು ಕಂಡು, ಅವು ಹೊಳೆ ಹರಿಯೋ ಕಡೆಗೆ ಹೋಗದೆ ನಿಂತಲ್ಲೇ ಇದ್ದರೆ ಅವು ಕಣ್ಣು.

ಮೊದಲು ಕಂಡವನು ಕಿರುಚಬಾರದು, ದೋಣಿಯವರ ತೋಳು ಮುಟ್ಟಿ ಕೈ ತೋರಿಸಬೇಕು ಅಂತ ಈಗಲೇ ಮಾತು ತಗೊಳ್ಳಿ. ಹೊರಡೋ ಹಿಂದಿನ ದಿನ ಇಲ್ಲಿ ಒಂದು ಸಾಲು ಬರೆಯಿರಿ, ಹೊಳೆಯಲ್ಲಿ ನೀರು ಎಷ್ಟಿದೆ, ದೋಣಿ ಬಿಡ್ತಿದ್ದಾರಾ ಅಂತ ನೋಡಿ ತಿಳಿಸ್ತೀನಿ.